ಹೊಸ ಹೆಡ್‌ಸೆಟ್ಟೂ ಯಶೋದೆಯ ಅಡುಗೆಮನೆಯೂ

ಯಾವುದೇ ವಸ್ತುವಿನಲ್ಲಿ ಕುಂದು ಕಾಣುವ ಬುದ್ಧಿ ನನಗೆ ಬರುವುದು ಅದರ ಹೊಸ ಮಾದರಿ ಅಂಗಡಿಗೆ ಬಂದ ಮೇಲೆ. ಅಲ್ಲಿಯವರೆಗೂ ನಾನು ಪರಮ ತೃಪ್ತ. ಕುತ್ತಿಗೆಗೆ ಹಾಕಿಕೊಳ್ಳುವ ನನ್ನ ವೈರ್‌ಲೆಸ್ ಹೆಡ್‌ಸೆಟ್ಟನ್ನೇ ತೆಗೆದುಕೊಳ್ಳಿ. ನೆಲ್ಯಹುದಿಕೇರಿ ಹತ್ತಿರದ ಕಾಫಿ ತೋಟದಲ್ಲಿ ನಾನು ರೈಟರ್. ಆಳುಗಳ ಹಾಜರಿ ಹಾಕುತ್ತಾ ಓನರ್ ಜೊತೆ ಮಾತಾಡಬೇಕಾದ್ದರಿಂದ ಅದು ನನಗೆ ಮೂರನೆಯ ಕೈ ಇದ್ದ ಹಾಗಿತ್ತು. ಒಂದು ಕಿವಿಯ ರಬ್ಬರ್ ಕಳೆದುಹೋಗಿ, ಬೆವರಿಗೆ ಬಣ್ಣ ಬಿಟ್ಟಿದ್ದರೂ ನಾನು ತಲೆ ಕೆಡಿಸಿಕೊಂಡವನಲ್ಲ. ಆದರೆ ಕುಶಾಲನಗರದ ಅಂಗಡಿಯವನು ಅದೇ ಕಂಪನಿಯ ಹೊಸದನ್ನು ನನ್ನ ಕುತ್ತಿಗೆಗೆ ಏರಿಸಿ, ‘ಸುತ್ತಮುತ್ತಲ ಗಲಾಟೆ ಆ ಕಡೆಯವರಿಗೆ ಒಂಚೂರೂ ಕೇಳಲ್ಲ ಸಾರ್, ನಿಮ್ಮ ದನಿ ಮಾತ್ರ ಹೋಗುತ್ತೆ’ ಅಂದುಬಿಟ್ಟ. ನನ್ನ ದನಿ ಮಾತ್ರ! ಮದುವೆಯಾಗಿ ಇಷ್ಟು ವರ್ಷವಾದ ಗಂಡಸಿಗೆ ಇದಕ್ಕಿಂತ ದೊಡ್ಡ ಆಸೆ ತೋರಿಸಲು ಸಾಧ್ಯವೇ? ತಗೊಂಡು ಬಂದೆ.

ಹಳೆಯದಕ್ಕೆ ಈ ವಿವೇಚನೆ ಇರಲಿಲ್ಲ. ಕೇಳಿದ್ದನ್ನೆಲ್ಲ ಅತ್ತ ಸಾಗಿಸುತ್ತಿತ್ತು. ಮುಖ್ಯವಾಗಿ ನನ್ನ ಹೆಂಡತಿ ಯಶೋದೆಯನ್ನು. ಬಾಯಿ ಮುಚ್ಚಿಕೊಂಡು ಅಡುಗೆ ಮಾಡುವುದು ಅವಳಿಗೆ ಬಾರದು. ಕುಕ್ಕರಿಗೆ ಬೈಯುತ್ತಾಳೆ, ಬೆಕ್ಕನ್ನು ವಿಚಾರಿಸಿಕೊಳ್ಳುತ್ತಾಳೆ, ಕಿಟಕಿಯಾಚೆಯ ಆಯಿಷಾ ಜೊತೆ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಮೀನಿನ ರೇಟು ಚರ್ಚಿಸುತ್ತಾಳೆ. ಅದೇ ಕೈಗೆ ಫೋನ್ ಕೊಟ್ಟರೆ, ‘ಹ್ಞೂಂ, ಚೆನ್ನಾಗಿದ್ದೀವಿ’ ಎಂದು ವಾಪಸ್ ಕೊಡುತ್ತಾಳೆ. ಕುಶಾಲನಗರದ ಕಡೆಯ ಹಳ್ಳಿಯಲ್ಲಿರುವ ನನ್ನಕ್ಕ ದಿನಾ ಸಂಜೆ ಫೋನ್ ಮಾಡುವುದು ವಾಡಿಕೆ. ನಾನು ಅಡುಗೆಮನೆಯ ಮಣೆ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಮಾತಾಡುತ್ತಿದ್ದೆ. ಅವ್ವ ಹೋದ ಮೇಲೆ ಅಕ್ಕನ ದನಿ ಕೇಳದೆ ನನಗೆ ದಿನ ಮುಗಿದಂತೆ ಅನ್ನಿಸುವುದಿಲ್ಲ.

ಹೊಸದರ ಮೊದಲ ಪೆಟ್ಟು ತಿಂದದ್ದು ನನ್ನ ಮರ್ಯಾದೆ. ಪಿಕಿಂಗ್ ಭರದಲ್ಲಿ ಅಕಾಲದ ಮಳೆ ಹೊಡೆದು, ಹಣ್ಣು ಕುಯ್ಯುವುದನ್ನು ನಿಲ್ಲಿಸಿ ಆಳುಗಳೆಲ್ಲ ತಾವಿರುವ ಲೈನ್ ಮನೆಗಳಿಗೆ ಓಡಿದರು. ಶೀಟಿನ ಮಾಡಿನಡಿ ನಿಂತು, ನನ್ನ ಮಾತು ನನಗೇ ಕೇಳದಷ್ಟು ಸದ್ದಿನಲ್ಲಿ, ಮೈಸೂರಿನಲ್ಲಿರುವ ಓನರಿಗೆ ವರದಿ ಒಪ್ಪಿಸಿದೆ. ಅವರು ತಣ್ಣಗೆ, ‘ಮಳೆ ಅಂತೀರಿ, ಒಂದು ಹನಿ ಸದ್ದೂ ಇಲ್ವಲ್ರೀ ರೈಟರೇ’ ಅಂದರು. ಹಳೆಯದಾಗಿದ್ದರೆ ನಾನು ಬಾಯಿ ಬಿಡುವ ಮೊದಲೇ ಮಳೆಯೇ ಸಾಕ್ಷಿ ಹೇಳಿರುತ್ತಿತ್ತು. ಕೊನೆಗೆ ಅಂಗಳಕ್ಕಿಳಿದು ತೊಯ್ದು ತೊಪ್ಪೆಯಾಗಿ, ನನ್ನದೇ ಫೋಟೋ ತೆಗೆದು ಕಳಿಸಿದೆ.

ಅದಾದರೂ ಹೋಗಲಿ. ಅಕ್ಕನ ಫೋನು ಮೊಟಕಾಗುತ್ತಾ ಬಂತು. ಕೇಳುವ ಪ್ರಶ್ನೆಗಳೂ ವಿಚಿತ್ರ. ಇವತ್ತು ಅಡುಗೆ ಯಾರು ಮಾಡಿದ್ದು? ಯಶೋದ ಮನೇಲೇ ಇದ್ದಾಳಾ? ಇದ್ದಾಳೆ ಅಂದರೆ, ಫೋನ್ ಕೊಡು ಅನ್ನುತ್ತಿದ್ದಳು. ಯಶೋದೆಯ ಕೈ ಯಾವಾಗಲೂ ಹಿಟ್ಟಿನಲ್ಲಿ. ಆಮೇಲೆ ಮಾತಾಡ್ತಾಳಂತೆ ಎಂದು ನಾನೇ ತಲುಪಿಸುತ್ತಿದ್ದೆ. ಅಕ್ಕ ನಿಟ್ಟುಸಿರು ಬಿಟ್ಟು ಫೋನ್ ಇಡುತ್ತಿದ್ದಳು. ಆಮೇಲೆ ಫೋನೇ ಇಲ್ಲ. ನಾನು ಮಾಡಿದರೆ ಭಾವ ಎತ್ತಿ, ಅವಳು ಗದ್ದೆ ಕಡೆ ಹೋಗಿದ್ದಾಳೆ ಅನ್ನುತ್ತಿದ್ದರು. ನಾನೇನು ತಪ್ಪು ಮಾಡಿದೆನೋ ಎಂದು ನಿಜಕ್ಕೂ ಸಂಕಟವಾಯಿತು.

ಭಾನುವಾರ ಬೆಳಿಗ್ಗೆ, ಹೇಳದೆ ಕೇಳದೆ ಅಕ್ಕ ಬಸ್ಸಿಳಿದು ಬಂದಳು. ಚೀಲ ಕೆಳಗಿಟ್ಟವಳೇ ನನ್ನ ಕೈ ಹಿಡಿದುಕೊಂಡು, ತಗ್ಗಿದ ದನಿಯಲ್ಲಿ, ‘ನಿಜ ಹೇಳೋ. ಅವಳು ಯಾವತ್ತು ತವರಿಗೆ ಹೋಗಿದ್ದು?’ ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಯಶೋದೆ, ಕೂಗಲು ತಡಮಾಡಿದ ಕುಕ್ಕರಿನ ಜನ್ಮ ಜಾಲಾಡಿದಳು. ಅಕ್ಕ ದಡಕ್ಕನೆ ಎದ್ದು ಒಳಗೆ ಹೋಗಿ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

ಅಳು ನಿಂತ ಮೇಲೆ ಗೊತ್ತಾಯಿತು. ಫೋನಿನಲ್ಲಿ ಒಂದು ಲೋಟದ ಸದ್ದೂ ಇಲ್ಲ, ತಮ್ಮ ಒಬ್ಬನೇ ಮಾತಾಡುತ್ತಾನೆ, ಹೆಂಡತಿಯನ್ನು ಕೇಳಿದರೆ ನೆಪ ಹೇಳುತ್ತಾನೆ. ಸಂಸಾರ ಮುರಿಯಿತು ಎಂದು ಅಕ್ಕ ತೀರ್ಮಾನಿಸಿದ್ದಳು. ನಾನು ಹೊಸ ಹೆಡ್‌ಸೆಟ್ಟಿನ ಮಹಿಮೆ ವಿವರಿಸಿದೆ. ಯಶೋದೆ ಸೌಟು ಹಿಡಿದುಕೊಂಡೇ, ‘ನನ್ನ ಮಾತು ಗಲಾಟೆ ಅಂತ ಅದಕ್ಕೆ ಯಾರು ಹೇಳಿಕೊಟ್ಟಿದ್ದು?’ ಎಂದು ಕೇಳಿದಳು. ಕಂಪನಿಯವರು ಅಂದೆ. ಆ ಕಂಪನಿ ನನ್ನದೇ ಎಂಬಂತೆ ನೋಡಿದಳು. ಹಾಗಾದರೆ ಇಷ್ಟು ದಿನ ನೀನು ಫೋನ್ ಮಾಡುತ್ತಿದ್ದದ್ದು ನನಗಲ್ಲವಾ ಎಂದು ಅಕ್ಕನನ್ನು ಕೇಳಿದೆ. ಅಕ್ಕ ಪ್ರೀತಿಯಿಂದಲೇ ನನ್ನ ತಲೆ ಸವರಿ, ‘ನೀನು ಹೇಳೋದು ಮಳೆ, ಕಾಫಿ. ಮನೆ ಸಮಾಚಾರ ಎಲ್ಲಾ ನಂಗೆ ಗೊತ್ತಾಗ್ತಿದ್ದಿದ್ದು ನಿನ್ನ ಹಿಂದೆ ಕೇಳ್ತಿದ್ದ ಇವಳ ದನಿಯಿಂದ ಕಣೋ’ ಎಂದಳು.

ಹೊರಡುವಾಗ ಹೊಸ ಹೆಡ್‌ಸೆಟ್ಟನ್ನು ತನ್ನ ಕೈಯಾರೆ ಯಶೋದೆಯ ಕುತ್ತಿಗೆಗೆ ಹಾಕಿ ಹೋದಳು. ಫೋನ್ ಹಿಡಿಯುವ ಕಾಟವಿಲ್ಲದ್ದರಿಂದ ಯಶೋದೆಗೆ ಈಗ ಅಕ್ಕನೂ ಕುಕ್ಕರೂ ಒಂದೇ. ಒಗ್ಗರಣೆಯಿಂದ ಹಿಡಿದು ಪಾತ್ರೆ ತೊಳೆಯುವವರೆಗೂ ಮಾತು ನಡೆಯುತ್ತದೆ. ನನ್ನ ಕುತ್ತಿಗೆಗೆ ಮತ್ತೆ ಹಳೆಯದೇ ಬಂದಿದೆ. ಓನರಿಗೆ ಮಳೆ ಚೆನ್ನಾಗಿ ಕೇಳುತ್ತಿದೆ.

ಎರಡರಲ್ಲಿ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ತೀರ್ಪು ನಿನ್ನೆ ಸಂಜೆಯೇ ಬಂದಾಗಿದೆ. ಮಣೆ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದವನು, ನನ್ನ ಮಂಡಿನೋವು ಕಮ್ಮಿಯಾಗಿದೆ ಅಂತ ಅಕ್ಕನಿಗೆ ಹೇಳು ಎಂದೆ. ಯಶೋದೆ ಕೇಳಿಸಿಕೊಳ್ಳಲಿಲ್ಲ. ನಾನೇ ಜೋರಾಗಿ ಕೂಗಿದೆ. ‘ಇವರೇನೋ ಹೇಳ್ತಿದ್ದಾರೆ ಅತ್ತಿಗೆ, ಕೇಳಿಸ್ತಾ?’ ಎಂದು ವಿಚಾರಿಸಿ, ನನ್ನ ಕಡೆ ತಿರುಗಿದಳು.

‘ಇಲ್ವಂತೆ. ಬರೀ ನನ್ನ ದನಿ ಕೇಳ್ತಿದೆಯಂತೆ. ಒಳ್ಳೇ ಹೆಡ್‌ಸೆಟ್ಟೇ ತಂದಿದ್ದೀರಿ ಕಣ್ರೀ.’