ಬಿ.ಪಿ. ಮಾತ್ರೆಯ ವಿಷಯದಲ್ಲಿ ಯಥಾಸ್ಥಿತಿ

ಇತರೆ ವಿಷಯಗಳ ಇಲಾಖೆ
ಜಿಲ್ಲಾ ಕಚೇರಿ (ಬಾಡಿಗೆ ಕಟ್ಟಡ), ಎರಡನೇ ಮಹಡಿ, ಬಟವಾಡಿ, ತುಮಕೂರು

ಸಂಖ್ಯೆ: ಇವಿಇ/ತುಮ/ಮಾತ್ರೆ/ಸಾಧಕ-ಬಾಧಕ/೧೭/೨೦೨೪-೨೫

ಸುತ್ತೋಲೆ

ವಿಷಯ: ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನುಂಗಬೇಕೇ ಬೇಡವೇ ಎಂಬುದನ್ನು ಮೊಬೈಲ್ ವಿಡಿಯೋ, ವಾಟ್ಸಾಪ್ ಸಂದೇಶ ಹಾಗೂ ಭಾನುವಾರದ ಪುರವಣಿಗಳ ಆಧಾರದ ಮೇಲೆ ಕಚೇರಿ ವೇಳೆಯಲ್ಲಿ ತೀರ್ಮಾನಿಸುವ ಕ್ರಮದ ಬಗ್ಗೆ.

ಉಲ್ಲೇಖ:
(೧) ಗುಬ್ಬಿ ಉಪ ಕಚೇರಿಯ ಪ್ರಥಮ ದರ್ಜೆ ಸಹಾಯಕರಾದ ಶ್ರೀ ವೆಂಕಟರಂಗಯ್ಯನವರ ಮನವಿ, "ನುಂಗಲೋ ಬೇಡವೋ" ಎಂಬ ತಲೆಬರಹದ್ದು.
(೨) ಸದರಿಯವರ ಭಾವಮೈದುನ, ಬೆಳ್ಳಾವಿಯ ಶ್ರೀ ಗಂಗಾಧರ್ ಅವರು ವಾಟ್ಸಾಪ್‌ನಲ್ಲಿ ಕಳುಹಿಸಿದ ವಿಡಿಯೋ: "ಬಿ.ಪಿ. ಮಾತ್ರೆ ತಗೋತೀರಾ? ಇವತ್ತೇ ನಿಲ್ಲಿಸಿ! ಡಾಕ್ಟರ್ ನಿಮಗೆ ಹೇಳದ ಸತ್ಯ!!!" (ಕೆಂಪು ಬಾಣ ಸಹಿತ).
(೩) ಮಾತ್ರೆ ಡಬ್ಬಿಯೊಳಗಿನ ಮಡಚಿದ ಚೀಟಿ.
(೪) ಶ್ರೀಮತಿ ಸುಬ್ಬಲಕ್ಷ್ಮಮ್ಮ ಕೋಂ ವೆಂಕಟರಂಗಯ್ಯ, ಇವರು ಈ ಕಚೇರಿಯ ಬಾಗಿಲಲ್ಲಿ ನಿಂತು ಸಲ್ಲಿಸಿದ ಮೌಖಿಕ ಆಕ್ಷೇಪಣೆ.

ಪ್ರಸ್ತಾವನೆ:

ಶ್ರೀ ವೆಂಕಟರಂಗಯ್ಯನವರಿಗೆ ಬಿ.ಪಿ. ಹೆಚ್ಚಿರುವುದು ಕಂಡುಬಂದ ಮೇರೆಗೆ ಬಟವಾಡಿಯ ವೈದ್ಯೆ ಡಾ. ಚೈತನ್ಯ ಅವರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿರುತ್ತಾರೆ. ಸದರಿಯವರು ಕೆಲವು ದಿನ ತಕರಾರಿಲ್ಲದೆ ನುಂಗಿ, ಬಿ.ಪಿ. ಇಳಿಯುವ ಹಾದಿಯಲ್ಲಿದ್ದಾಗ, ಉಲ್ಲೇಖ (೨)ರ ವಿಡಿಯೋವನ್ನು ಊಟದ ವೇಳೆಯಲ್ಲಿ ಎಲ್ಲರಿಗೂ ಕೇಳುವಂತೆ ಹಾಕಿಕೊಂಡು ನೋಡಿರುತ್ತಾರೆ. ಗುಬ್ಬಿ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಪಲ್ಯ, ಉಪ್ಪಿನಕಾಯಿಗಳ ಜೊತೆಗೆ ಅವರವರ ಮಾತ್ರೆಗಳನ್ನೂ ಮೇಜಿನ ಮೇಲೆ ಹರವಿ ಹೋಲಿಸಿ ನೋಡುವ ಪದ್ಧತಿ ಹಿಂದಿನಿಂದಲೂ ಇದೆ. ಅಂದು ಸಿಬ್ಬಂದಿಯಲ್ಲಿ ಎರಡು ಅಭಿಪ್ರಾಯ ಬಂದಿರುತ್ತದೆ. ಎರಡು ಅಭಿಪ್ರಾಯ ಬಂದ ಯಾವುದೇ ವಿಷಯಕ್ಕೆ ಕಡತ ತೆರೆಯಬೇಕೆಂಬುದು ಈ ಇಲಾಖೆಯ ನಿಯಮವಾದ್ದರಿಂದ ಕಡತ ತೆರೆಯಲಾಗಿದೆ. ಕಡತ ಇತ್ಯರ್ಥವಾಗುವವರೆಗೆ ಯಥಾಸ್ಥಿತಿ ಕಾಪಾಡುವಂತೆ ಸದರಿಯವರಿಗೆ ಸೂಚಿಸಲಾಗಿದೆ. ಗೊಂದಲ ಹುಟ್ಟಿದ್ದು ಇಲ್ಲಿಯೇ.

ಯಥಾಸ್ಥಿತಿ ಎಂದರೆ ಮಾತ್ರೆ ಶುರುವಾಗುವ ಮೊದಲಿನ ಸ್ಥಿತಿ, ಆದ್ದರಿಂದ ನುಂಗತಕ್ಕದ್ದಲ್ಲ ಎಂದು ಗುಬ್ಬಿ ಕಚೇರಿ ಅರ್ಥೈಸಿದೆ. ನುಂಗುತ್ತಿದ್ದ ಸ್ಥಿತಿಯೇ ಯಥಾಸ್ಥಿತಿ, ಆದ್ದರಿಂದ ನುಂಗತಕ್ಕದ್ದು ಎಂದು, ಅಭಿಪ್ರಾಯಕ್ಕಾಗಿ ಕಡತ ಕಳುಹಿಸಲಾಗಿದ್ದ ಕುಣಿಗಲ್ ಉಪ ಕಚೇರಿ ಅರ್ಥೈಸಿದೆ. ಇಬ್ಬರ ಮಾನವೂ ಉಳಿಯಲೆಂದು ಈ ಜಿಲ್ಲಾ ಕಚೇರಿಯು ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ, ದಿನ ಬಿಟ್ಟು ದಿನ ನುಂಗಲು ಮಧ್ಯಂತರ ಆದೇಶ ಹೊರಡಿಸಿದೆ. ರಜಾ ದಿನಗಳಲ್ಲಿ ಏನು ಮಾಡಬೇಕೆಂದು ಆದೇಶದಲ್ಲಿ ಇರದ ಕಾರಣ, ಎರಡನೇ ಶನಿವಾರ ಮತ್ತು ಭಾನುವಾರ ಸದರಿಯವರು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರೆಂದು ತಿಳಿದುಬಂದಿದೆ. ಬಿ.ಪಿ. ಮಾತ್ರ ರಜೆ ಹಾಕದೆ ಏರಿದೆ.

ಈ ಹಿನ್ನೆಲೆಯಲ್ಲಿ ಕೆಳಕಂಡ ಅಂಶಗಳನ್ನು ಎಲ್ಲಾ ಸಿಬ್ಬಂದಿಯ ಗಮನಕ್ಕೆ ತರುತ್ತಾ, ತಪ್ಪದೆ ಪಾಲಿಸುವಂತೆ ಈ ಮೂಲಕ ಸೂಚಿಸಲಾಗಿದೆ:

೧. ಮಾತ್ರೆಯ ಸಾಧಕ-ಬಾಧಕ ತಿಳಿಯಲು ಗುಬ್ಬಿ ಕಚೇರಿಯು ಎರಡು ಕಾಲಂಗಳ ನಮೂನೆ ಸಿದ್ಧಪಡಿಸಿತ್ತು. ಸಾಧಕದಲ್ಲಿ "ಬಿ.ಪಿ. ಇಳಿಯುತ್ತದೆ" ಎಂಬ ಒಂದೇ ಸಾಲು. ಬಾಧಕದಲ್ಲಿ ಒಣಕೆಮ್ಮು, ತಲೆಸುತ್ತು, ಬಾಯಿರುಚಿ ಕೆಡುವುದು ಇತ್ಯಾದಿ ಹಾಳೆ ತುಂಬ. ಎಣಿಕೆಯಲ್ಲಿ ಬಾಧಕವು ಭಾರಿ ಅಂತರದಿಂದ ಗೆದ್ದಿದೆ. ಕೆಮ್ಮಿಗೂ ಪ್ರಾಣಕ್ಕೂ ಒಂದೊಂದೇ ಓಟೇ ಎಂದು ಅದೇ ಕಚೇರಿಯ ಟೈಪಿಸ್ಟ್ ಶ್ರೀಮತಿ ಪ್ರೇಮಲತಾ ಅವರು ಕೇಳಿದ್ದು, ಅಂಥ ಪ್ರಶ್ನೆಗೆ ನಮೂನೆಯಲ್ಲಿ ಜಾಗವಿಲ್ಲವೆಂದು ಅವರಿಗೆ ತಿಳಿಸಲಾಗಿದೆ.

೨. ಉಲ್ಲೇಖ (೩)ರ ಚೀಟಿಯನ್ನು ಬಿಚ್ಚಿದ ಮೇಲೆ ಮೊದಲಿನಂತೆ ಮಡಚಲು ಮೂರೂ ಕಚೇರಿಗಳ ಸಿಬ್ಬಂದಿಗೆ ಸಾಧ್ಯವಾಗಿಲ್ಲ. ಅದು ಈಗ ಕುಣಿಗಲ್ ಕಚೇರಿಯ ಮೇಜಿನ ಮೇಲೆ ಹಾಸಿಕೊಂಡಿದ್ದು, ಅದರ ಮೇಲೆಯೇ ಊಟ ನಡೆಯುತ್ತಿದೆ. ಅಕ್ಷರಗಳು ಇರುವೆಗಿಂತ ಸಣ್ಣವಿರುವುದರಿಂದ ಭೂತಗನ್ನಡಿ ಹಿಡಿದು ಓದಿದ ನೌಕರರಿಗೆ ಅರ್ಧಕ್ಕೇ ತಲೆನೋವು ಬಂದಿದೆ. ತಲೆನೋವು ಎಂಬುದು ಚೀಟಿಯಲ್ಲಿಯೂ ನಮೂದಾಗಿರುವುದರಿಂದ, ಸದರಿ ಮಾತ್ರೆಯು ನುಂಗದವರಿಗೂ ಅಡ್ಡಪರಿಣಾಮ ಮಾಡುತ್ತದೆಂದು ವರದಿ ಸಲ್ಲಿಸಲಾಗಿದೆ.

೩. ಅದೇ ಚೀಟಿಯಲ್ಲಿ "ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ" ಎಂದು ಒಂದು ಅಪರೂಪದ ತೊಂದರೆ ನಮೂದಾಗಿದೆ. ಆ ಒಬ್ಬರು ತಾವೇ ಎಂದು ಶ್ರೀ ವೆಂಕಟರಂಗಯ್ಯನವರು ಲಿಖಿತವಾಗಿ ದೃಢೀಕರಿಸಿರುತ್ತಾರೆ. ಸರ್ವೀಸಿನುದ್ದಕ್ಕೂ ಒಂದು ಲಕ್ಕಿ ಡಿಪ್ಪಿನಲ್ಲಿಯೂ ಪ್ಲಾಸ್ಟಿಕ್ ಬಕೆಟ್ ಸಹ ಬಾರದ ಸದರಿಯವರಿಗೆ ಈ ಒಂದು ವಿಷಯದಲ್ಲಿ ತಮ್ಮ ಅದೃಷ್ಟದ ಮೇಲೆ ಅಪಾರ ನಂಬಿಕೆಯಿದೆ. ಆದರೆ ಉಳಿದವರನ್ನು ಒಂದು ಮಾತೂ ಕೇಳದೆ ಒಬ್ಬರೇ ಈ ಸ್ಥಾನವನ್ನು ಆಕ್ರಮಿಸುವುದು ಸೇವಾ ನಿಯಮಗಳಿಗೆ ವಿರುದ್ಧ. ಆದ್ದರಿಂದ ಸದರಿ ಹುದ್ದೆಯನ್ನು ಜ್ಯೇಷ್ಠತಾ ಪಟ್ಟಿಯಂತೆ ಮಾತ್ರ ಭರ್ತಿ ಮಾಡತಕ್ಕದ್ದು. ಆ ಒಬ್ಬರು ನಿವೃತ್ತರಾದಲ್ಲಿ ಪ್ರಭಾರ ವಹಿಸಿಕೊಳ್ಳುವವರ ಹೆಸರನ್ನೂ ಮುಂಚಿತವಾಗಿ ಸೂಚಿಸುವುದು.

೪. ಉಲ್ಲೇಖ (೨)ರ ವಿಡಿಯೋದಲ್ಲಿ "ಅಪಾಯ ದುಪ್ಪಟ್ಟು" ಎಂದು ಹೇಳಲಾಗಿದೆ. ಎಷ್ಟಿದ್ದದ್ದು ದುಪ್ಪಟ್ಟಾಯಿತು ಎಂದು ವಿಡಿಯೋದವರನ್ನು ಪತ್ರ ಮುಖೇನ ಕೇಳಲಾಗಿ, ಸಬ್‌ಸ್ಕ್ರೈಬ್ ಆಗಿ ಬೆಲ್ ಬಟನ್ ಒತ್ತುವಂತೆ ಉತ್ತರ ಬಂದಿದೆ. ಒತ್ತಲಾಗಿದೆ. ಅದಾದ ಮೇಲೆ ಮೂಲವ್ಯಾಧಿಯ ವಿಡಿಯೋ ಬಂದಿದೆ. ಈ ಕಚೇರಿಯ ದಾಖಲೆ ಕೊಠಡಿಯಲ್ಲಿ ಒಂದು ಇಲಿ ಇದ್ದದ್ದು ಎರಡಾದಾಗಲೂ "ಇಲಿ ಕಾಟ ದುಪ್ಪಟ್ಟು" ಎಂದೇ ಮೇಲಕ್ಕೆ ವರದಿ ಹೋಗಿತ್ತೆಂಬುದನ್ನು ಇಲ್ಲಿ ಸ್ಮರಿಸಲಾಗಿದೆ.

೫. "ಡಾಕ್ಟರ್ ನಿಮಗೆ ಹೇಳದ ಸತ್ಯ"ಗಳ ಪಟ್ಟಿಯನ್ನು ಕಳುಹಿಸಿಕೊಡುವಂತೆ ಡಾ. ಚೈತನ್ಯ ಅವರನ್ನೇ ಕೋರಲಾಗಿತ್ತು. ಅವರು ಶ್ರೀ ವೆಂಕಟರಂಗಯ್ಯನವರನ್ನು ಕೂರಿಸಿಕೊಂಡು, "ಚೀಟೀಲಿರೋದೆಲ್ಲ ನಿಮಗೇ ಬರುತ್ತೆ ಅಂತಲ್ಲ ರಂಗಯ್ಯನವ್ರೇ. ಕೆಮ್ಮೋ ತಲೆಸುತ್ತೋ ಬಂದ್ರೆ ನನ್ ಹತ್ರ ಬನ್ನಿ, ಬೇರೆ ಬರ್ಕೊಡ್ತೀನಿ. ನೀವಾಗ್ ನೀವೇ ಬಿಡ್ಬೇಡಿ, ಅಷ್ಟೇ" ಎಂದು ತಿಳಿಸಿರುತ್ತಾರೆ. ಸದರಿ ಉತ್ತರದಲ್ಲಿ ಹಿನ್ನೆಲೆ ಸಂಗೀತವಾಗಲೀ ಕೆಂಪು ಬಾಣವಾಗಲೀ ಇಲ್ಲದ ಕಾರಣ ಅದನ್ನು ಪುರಾವೆಯಾಗಿ ಸ್ವೀಕರಿಸಿಲ್ಲ.

೬. ವಿಡಿಯೋ ಕಳುಹಿಸಿದ ಶ್ರೀ ಗಂಗಾಧರ್ ಅವರ ವಿಚಾರಣೆ ನಡೆಸಲಾಗಿದೆ. ಅವರಿಗೂ ಬಿ.ಪಿ. ಇದ್ದು, ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗುತ್ತಿರುವುದು ಬೆಳಕಿಗೆ ಬಂದಿದೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ! ಕಾರಣ ಕೇಳಿದಾಗ ಅವರು, ಅಲ್ಲಿಯೇ ಇದ್ದ ಶ್ರೀ ವೆಂಕಟರಂಗಯ್ಯನವರತ್ತ ತಿರುಗಿ, "ಅಯ್ಯೋ, ನಾನೆಲ್ಲಿ ನೋಡ್ದೆ ಭಾವ ಅದುನ್ನ? ಯಾರೋ ಗ್ರೂಪ್ನಾಗೆ ಹಾಕಿದ್ರು, ಒಳ್ಳೇದೇ ಇರ್ಬೇಕು ಅಂತ ನಿಮ್ಗೂ ಕಳಿಸ್ದೆ" ಎಂದು ಹೇಳಿಕೆ ನೀಡಿರುತ್ತಾರೆ. ಇನ್ನು ಮುಂದೆ ಆರೋಗ್ಯದ ವಿಡಿಯೋ ಕಳುಹಿಸುವವರು ತಾವು ಅದನ್ನು ನೋಡಿರುವುದಾಗಿ ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಪ್ರಮಾಣ ಮಾಡತಕ್ಕದ್ದು.

೭. ಭಾನುವಾರದ ಪುರವಣಿಗಳ ಬಗ್ಗೆ: ಒಂದು ವಾರ ಕಾಫಿ ಹೃದಯಕ್ಕೆ ಒಳ್ಳೆಯದೆಂದೂ ಮರುವಾರ ಕೆಟ್ಟದ್ದೆಂದೂ ಪ್ರಕಟವಾಗುತ್ತಿದ್ದು, ಸಿಬ್ಬಂದಿಯು ತಮ್ಮ ತಮ್ಮ ಹೃದಯಗಳನ್ನು ಸೋಮವಾರ ಕಚೇರಿ ತೆರೆಯುವುದರೊಳಗೆ ಆಯಾ ವಾರದ ಪುರವಣಿಗೆ ತಕ್ಕಂತೆ ಹೊಂದಿಸಿಕೊಂಡು ಬರುವುದು.

೮. ಮಾತ್ರೆ ನುಂಗದ ದಿನಗಳಲ್ಲಿ ಶ್ರೀ ವೆಂಕಟರಂಗಯ್ಯನವರು ವಿಡಿಯೋದಲ್ಲಿ ಹೇಳಿದಂತೆ ಹಸಿ ಬೆಳ್ಳುಳ್ಳಿ ಜಗಿಯುತ್ತಿದ್ದರು. ಬೆಳ್ಳುಳ್ಳಿಗೆ ಚೀಟಿ ಇರುವುದಿಲ್ಲ, ಆದ್ದರಿಂದ ಅಡ್ಡಪರಿಣಾಮವೂ ಇಲ್ಲ ಎಂಬುದು ಅವರ ವಾದ. ಶ್ರೀಮತಿ ಪ್ರೇಮಲತಾ ಅವರು ತಮ್ಮ ಮೇಜನ್ನು ವರಾಂಡಕ್ಕೆ ಎಳೆದುಕೊಂಡು ಹೋಗಿದ್ದು ನಿಜವಾದರೂ, ಅಡ್ಡಪರಿಣಾಮವು ತಿಂದವರಿಗಲ್ಲದೆ ಪಕ್ಕದವರಿಗೆ ಆಗಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

೯. ನಿಷ್ಪಕ್ಷಪಾತದ ದೃಷ್ಟಿಯಿಂದ ಇನ್ನೊಂದು ಅಂಶ ತಿಳಿಸಬೇಕಾಗಿದೆ. ಕೆಳಗೆ ಸಹಿ ಮಾಡಿರುವ ಅಧಿಕಾರಿಗೂ ಸಕ್ಕರೆ ಕಾಯಿಲೆಯ ಮಾತ್ರೆ ಬರೆದುಕೊಟ್ಟಿದ್ದು, ಅವರೂ ಇಂಥದ್ದೇ ಒಂದು ವಿಡಿಯೋ ನೋಡಿ ಆಳವಾದ ಪರಿಶೀಲನೆಯಲ್ಲಿರುತ್ತಾರೆ. ಮಾತ್ರೆಗಳನ್ನು ಕಚೇರಿ ಡ್ರಾಯರಿನಲ್ಲಿ ಭದ್ರವಾಗಿ ಇರಿಸಲಾಗಿದೆ. ಮನೆಯಲ್ಲಿ ಪತ್ನಿ ಶ್ರೀಮತಿ ಸರ್ವಮಂಗಳ ಅವರು ಇವರು ದಿನವೂ ನುಂಗುತ್ತಿದ್ದಾರೆಂದೇ ತಿಳಿದಿರುತ್ತಾರೆ. ಈ ಅಂಶ ಸಿಬ್ಬಂದಿಯ ಮಾಹಿತಿಗೆ ಮಾತ್ರ.

೧೦. ಕಡತದ ವಿಚಾರಣೆಗೆಂದು ಶ್ರೀ ವೆಂಕಟರಂಗಯ್ಯನವರನ್ನು ಕುಣಿಗಲ್ ಕಚೇರಿಗೆ ಕರೆಸಲಾಗಿತ್ತು. ಅಂದು ನುಂಗದ ದಿನ. ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು, ಗೋಡೆ ಹಿಡಿದುಕೊಂಡು ಕುಸಿದು ಕುಳಿತಿರುತ್ತಾರೆ. ತಲೆಸುತ್ತು ಎಂಬುದು ಚೀಟಿಯಲ್ಲಿ ಇರುವ ಕಾರಣ, ಕುಣಿಗಲ್ ಕಚೇರಿಯು ಇದನ್ನು "ನುಂಗದೇ ಇರುವ ಮಾತ್ರೆಯ ಅಡ್ಡಪರಿಣಾಮ" ಎಂದು ದಾಖಲಿಸಿದೆ. ಅವರಿಗೆ ಮೊದಲು ನೀರು ಕೊಡಬೇಕೋ ಮೊದಲು ನಮೂನೆ ತುಂಬಬೇಕೋ ಎಂಬುದರಲ್ಲಿಯೂ ಎರಡು ಅಭಿಪ್ರಾಯ ಬಂದು ಪ್ರತ್ಯೇಕ ಕಡತ ತೆರೆಯಲಾಗಿದೆ. ನೀರನ್ನು ಹೊರಗಿದ್ದ ಆಟೋದವರೊಬ್ಬರು ಕೊಟ್ಟು, ಆಸ್ಪತ್ರೆಗೂ ಅವರೇ ಕರೆದೊಯ್ದಿರುತ್ತಾರೆ. ಅಲ್ಲಿ ಬಿ.ಪಿ. ನೋಡಿದ ನರ್ಸ್, ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಂದು ಯಂತ್ರ ತರಿಸಿ ನೋಡಿರುತ್ತಾರೆ. ಯಂತ್ರ ಕೆಟ್ಟಿರಲಿಲ್ಲ.

೧೧. ಮಾರನೆಯ ದಿನ ಶ್ರೀಮತಿ ಸುಬ್ಬಲಕ್ಷ್ಮಮ್ಮನವರು ಈ ಕಚೇರಿಗೆ ಬಂದು, ಬಾಗಿಲಲ್ಲಿಯೇ ನಿಂತು, ಕಡತವನ್ನು ತರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, ಕೆಳಕಂಡಂತೆ ಆಕ್ಷೇಪಣೆ ಸಲ್ಲಿಸಿರುತ್ತಾರೆ. ತಿದ್ದಲು ಯಾರಿಗೂ ಧೈರ್ಯ ಬಾರದ್ದರಿಂದ ಇದ್ದಂತೆಯೇ ದಾಖಲಿಸಲಾಗಿದೆ:

"ನುಂಗಿದ್ರೆ ಏನೇನಾಯ್ತದೆ ಅಂತ ಮಾರುದ್ದ ಬರ್ದಿದೀರಲ್ಲ ಸಾರ್, ನುಂಗ್ದೇ ಹೋದ್ರೆ ಏನಾಯ್ತದೆ ಅಂತ ಒಂದ್ ಗೆರೆನಾದ್ರೂ ಬರ್ದಿದೀರಾ? ಅದುಕ್ಕೆ ಚೀಟಿ ಯಾರ್ ಕೊಡ್ತಾರೆ? ಉಪ್ಪಿನಕಾಯಿ ನೆಕ್ಕೋವಾಗ ನಮ್ಮನೇವ್ರಿಗೆ ಯಾವ್ ಫೈಲೂ ಗ್ಯಾಪ್ಕ ಬರಲ್ಲ. ನಮ್ ಮಾವ್ನೋರೂ ಹಿಂಗೇಯ, 'ನಂಗೇನಾಯ್ತದೆ ಬುಡು' ಅಂತ ಮಾತ್ರೆ ಬುಟ್ರು. ಒಂದ್ ಕಡೆ ಕೈಕಾಲು ಬಿದ್ದೋಯ್ತು. ಸಾಯೋವರ್ಗೂ ನಾನೇ ತುತ್ತು ತಿನ್ನಿಸ್ದೆ. ನಂಗೆ ಭಯ ಆಯ್ತದೆ ಸಾರ್. ನಾಳೆ ಇವ್ರು ಬಿದ್ರೆ ನಿಮ್ ಫೈಲ್ ಬಂದು ಎತ್ಕೊಂಡ್ ಹೋಯ್ತದಾ?"

ಈ ಪ್ರಶ್ನೆಯನ್ನು ಎಲ್ಲಾ ಕೋನಗಳಿಂದ ಪರಿಶೀಲಿಸಿ, ಕಡತವು ಮನುಷ್ಯರನ್ನು ಎತ್ತಿಕೊಂಡು ಹೋಗುವ ಸ್ಥಿತಿಯಲ್ಲಿ ಇಲ್ಲವೆಂದು ಒಪ್ಪಿಕೊಳ್ಳಲಾಗಿದೆ.

೧೨. ಅದರಂತೆ ನಮೂನೆಗೆ "ನುಂಗದಿದ್ದಲ್ಲಿ" ಎಂಬ ಮೂರನೇ ಕಾಲಂ ಸೇರಿಸಲಾಗಿದೆ. ಅದರ ಮೊದಲ ಸಾಲಿನಲ್ಲಿ "ಪಾರ್ಶ್ವವಾಯು" ಎಂದು ಬರೆದ ಮೇಲೆ, ಎದುರಿನ ಕಾಲಂನಲ್ಲಿದ್ದ "ಒಣಕೆಮ್ಮು" ಎಂಬುದನ್ನು ಜೋರಾಗಿ ಓದಿ ಹೇಳಲು ಯಾರೂ ಮುಂದೆ ಬಂದಿಲ್ಲ.

೧೩. ಇನ್ನು ಮುಂದೆ ಈ ಇಲಾಖೆಯಲ್ಲಿ ಮಾತ್ರೆಯ ಮಟ್ಟಿಗೆ ಯಥಾಸ್ಥಿತಿ ಎಂದರೆ ಏನೆಂಬುದನ್ನು ಗುಬ್ಬಿಯೂ ಕುಣಿಗಲ್ಲೂ ತೀರ್ಮಾನಿಸತಕ್ಕದ್ದಲ್ಲ. ಡಾ. ಚೈತನ್ಯ ಅವರು ಹೇಳಿದ್ದೇ ಯಥಾಸ್ಥಿತಿ. ಅದರ ಪಾಲನಾಧಿಕಾರಿಯಾಗಿ ಶ್ರೀಮತಿ ಸುಬ್ಬಲಕ್ಷ್ಮಮ್ಮನವರನ್ನು ನೇಮಿಸಲು ಉದ್ದೇಶಿಸಿ, ನೇಮಕಾತಿ ಆದೇಶ ತಲುಪಿಸಲು ಅವರ ಮನೆಗೆ ಹೋದಾಗ, ಅವರು ಆಗಲೇ ಅಧಿಕಾರ ವಹಿಸಿಕೊಂಡಿರುವುದು ಕಂಡುಬಂದಿದೆ. ತಟ್ಟೆಯಲ್ಲಿ ಮಾತ್ರೆ ಇಟ್ಟು, ಅದು ಒಳಗೆ ಹೋಗುವವರೆಗೆ ದೋಸೆ ಬಡಿಸದೆ, ಮಗುಚುವ ಕೈ ಹಿಡಿದು ಗಂಡನ ಎದುರಿಗೆ ನಿಂತಿದ್ದರು. ಶ್ರೀ ವೆಂಕಟರಂಗಯ್ಯನವರು ಸಾಧಕ-ಬಾಧಕಗಳನ್ನು ಮಗುಚುವ ಕೈಯ ಬೆಳಕಿನಲ್ಲಿ ಮರುಪರಿಶೀಲಿಸಿ, ನುಂಗಿರುತ್ತಾರೆ.

೧೪. ಅಂದಿನಿಂದ ಅವರು ದಿನವೂ ನುಂಗುತ್ತಿದ್ದು, ಬಿ.ಪಿ. ಇಳಿದಿರುತ್ತದೆ. ಕಡತ ಇತ್ಯರ್ಥವಾಗುವ ಮುನ್ನ, ಪೂರ್ವಾನುಮತಿಯಿಲ್ಲದೆ ಬಿ.ಪಿ. ಇಳಿದಿರುವುದು ನಿಯಮಬಾಹಿರ. ಆದರೂ ಮಾನವೀಯ ನೆಲೆಯಲ್ಲಿ ಸದರಿ ಇಳಿಕೆಗೆ ಘಟನೋತ್ತರ ಮಂಜೂರಾತಿ ನೀಡಿ, ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಉಪ್ಪಿನಕಾಯಿ ಜಾಡಿಯು ಪಾಲನಾಧಿಕಾರಿಗಳ ವಶದಲ್ಲಿರತಕ್ಕದ್ದು.

(ಸಹಿ/-)
ಲಕ್ಷ್ಮೀನರಸಿಂಹಯ್ಯ
ಸಹಾಯಕ ನಿರ್ದೇಶಕರು (ಪ್ರಭಾರ)
ಇತರೆ ವಿಷಯಗಳ ಇಲಾಖೆ, ತುಮಕೂರು

ಪ್ರತಿಗಳು:
೧. ಗುಬ್ಬಿ ಹಾಗೂ ಕುಣಿಗಲ್ ಉಪ ಕಚೇರಿಗಳಿಗೆ, ಗೋಡೆಗೆ ಅಂಟಿಸಲು. ಅಂಟಿಸುವುದರಲ್ಲಿ ಎರಡು ಅಭಿಪ್ರಾಯ ಬರಕೂಡದು.
೨. ಡಾ. ಚೈತನ್ಯ ಅವರಿಗೆ, ಮಾಹಿತಿಗಾಗಿ ಮತ್ತು ಕ್ಷಮೆಗಾಗಿ.
೩. ಶ್ರೀ ಗಂಗಾಧರ್, ಬೆಳ್ಳಾವಿ, ಇವರಿಗೆ, ಪೂರ್ತಿ ಓದುವ ಷರತ್ತಿನ ಮೇಲೆ.
೪. ಶ್ರೀಮತಿ ಪ್ರೇಮಲತಾ ಅವರಿಗೆ, ಮೇಜನ್ನು ವರಾಂಡದಿಂದ ಒಳಗೆ ತರಲು.
೫. ಶ್ರೀ ವೆಂಕಟರಂಗಯ್ಯನವರಿಗೆ, ಶ್ರೀಮತಿ ಸುಬ್ಬಲಕ್ಷ್ಮಮ್ಮನವರ ಮುಖಾಂತರ, ತಿಂಡಿಯ ನಂತರ.
೬. ಕಚೇರಿ ಪ್ರತಿ.
೭. ಶ್ರೀಮತಿ ಸರ್ವಮಂಗಳ ಕೋಂ ಲಕ್ಷ್ಮೀನರಸಿಂಹಯ್ಯ, ಬಟವಾಡಿ, ಇವರಿಗೆ. ಅಂಶ ೯ನ್ನು ಓದಿಕೊಳ್ಳುವುದು. ಡ್ರಾಯರಿನ ಬೀಗದ ಕೈಯನ್ನು ಮೇಲೆ ಸಹಿ ಮಾಡಿದವರೇ ಲಗತ್ತಿಸಿರುತ್ತಾರೆ. ಮುಂದಿನ ಸೂಕ್ತ ಕ್ರಮಕ್ಕಾಗಿ.