ಗೋಡೆಗಳು ತಿರುಗಾಡುತ್ತಿದ್ದ ಮನೆ

ಎಲ್ಲರ ಮನೆಯಲ್ಲೂ ಗೋಡೆಗಳು ನಿಂತಿರುತ್ತವೆ, ಮನುಷ್ಯರು ತಿರುಗಾಡುತ್ತಾರೆ. ಕುಲಗೋಡದ ನಮ್ಮ ಮನೆಯಲ್ಲಿ ಮನುಷ್ಯರು ಕೂತಿರುತ್ತಿದ್ದರು, ಗೋಡೆಗಳು ತಿರುಗಾಡುತ್ತಿದ್ದವು! ನೀವು ನಂಬಲೇಬೇಕೆಂದು ಹಟವೇನಿಲ್ಲ. ಆದರೆ ಕೇಳಿದ್ದನ್ನು ಬಿಟ್ಟು ಕಂಡದ್ದನ್ನು ಮಾತ್ರ ಬರೆಯುವುದು ನನ್ನ ಅಭ್ಯಾಸ. ಆ ಗೋಡೆಗಳನ್ನು ನಾನು ಕಂಡಿದ್ದೇನೆ. ಕಂಡದ್ದಷ್ಟೇ ಏಕೆ, ಹೊತ್ತಿದ್ದೇನೆ.

ಇದಕ್ಕೆಲ್ಲ ಕಾರಣ ನಮ್ಮ ದೊಡ್ಡಕಾಕಾ. ಹಳೆಯ ಮಣ್ಣಿನ ಮನೆ ಮಳೆಗೆ ಕುಸಿದು ಕೂತಿತ್ತು; ಹೊಸದು ಕಟ್ಟಬೇಕಾಗಿತ್ತು. ಅವನ ತಮ್ಮ, ನಮ್ಮ ಸಣ್ಣಕಾಕಾ, ಇದೇ ಸಮಯವೆಂದು ಬಾಯಿ ತೆಗೆದ.

"ನಟ್ಟನಡಕ ಒಂದು ಕಲ್ಲಿನ ಗ್ವಾಡಿ ಹಾಕೂಣು ಅಣ್ಣಾ. ಆ ಕಡೆ ನಿಂದು, ಈ ಕಡೆ ನಂದು. ಜಗಳಿಲ್ಲ, ತಂಟಿಲ್ಲ."

ಅವನಿಗೆ ಮಕ್ಕಳು ಬಹಳ, ಜಾಗ ಬೇಕಿತ್ತು, ತಪ್ಪೇನಿಲ್ಲ. ಆದರೆ ನಡುವೆ ಕಲ್ಲಿನ ಗೋಡೆ ಎದ್ದರೆ ಒಲೆ ಎರಡಾಗುತ್ತವೆ. ಒಲೆ ಎರಡಾದರೆ ಆಯಿ, ಅಂದರೆ ನಮ್ಮ ಅಜ್ಜಿ, ಯಾವುದರ ಮುಂದೆ ಕೂಡಬೇಕು? ದೊಡ್ಡಕಾಕಾನ ಚಿಂತೆ ಇದೊಂದೇ. ಮನೆಗೆ ಎಷ್ಟು ಖೋಲಿ, ಎಷ್ಟು ಕೋಣೆಯಾದರೂ ಆಗಲಿ, ಒಲೆ ಒಂದೇ ಇರಬೇಕು.

ಅದೇ ಚಿಂತೆಯಲ್ಲಿ ಧುಪದಾಳಕ್ಕೆ ಹೋದವನು ಅಲ್ಲಿ ಒಡ್ಡಿನ ಹತ್ತಿರ ಕಾಲುವೆಯ ಬಾಗಿಲು ಏರಿಸುವುದನ್ನೂ ಇಳಿಸುವುದನ್ನೂ ನೋಡುತ್ತ ಮಧ್ಯಾಹ್ನವಿಡೀ ನಿಂತನಂತೆ. ಊರಿಗೆ ಬಂದವನೇ ಸಾರಿದ: "ನೀರು ಬಂದಂಗ ಬಾಗಲಾ ಎತ್ತತಾರ, ಇಳಸ್ತಾರ. ಮಂದಿ ಬಂದಂಗ ಗ್ವಾಡಿ ಯಾಕ ಸರಸಬಾರದು?"

ಹೌದಲ್ಲ, ಯಾಕೆ ಸರಿಸಬಾರದು? ಸಣ್ಣಕಾಕಾ ಮಾತ್ರ, "ಬಿಸಲಾಗ ನಿಂದ್ರಬ್ಯಾಡಂತ ಎಷ್ಟ ಸಲ ಹೇಳಬೇಕು ಇಂವಗ!" ಎಂದ.

ಮುಂದಿನ ಆಜ್ಞೆ ಇನ್ನೂ ವಿಚಿತ್ರ. ಮನೆ ಕಟ್ಟುವ ಮೊದಲು ಅದರಲ್ಲಿ ಇದ್ದು ನೋಡಬೇಕಂತೆ! ಕಟ್ಟದ ಮನೆಯಲ್ಲಿ ಇರುವುದು ಹೇಗೆ? ಸುಗ್ಗಿ ಮುಗಿದ ಕಣದ ಮೇಲೆ ದೊಡ್ಡಕಾಕಾ ಬೂದಿಯಿಂದ ಇಡೀ ಮನೆಯ ನಕ್ಷೆ ಬಿಡಿಸಿದ, ನಿಜವಾದ ಅಳತೆಯಲ್ಲೇ. ಬೂದಿಯ ಗೆರೆ ಗೋಡೆ. ಗೆರೆ ಬಿಟ್ಟಲ್ಲಿ ಬಾಗಿಲು. ಹಾಸಿಗೆ, ಕೊಡ, ಒರಳು, ತೊಟ್ಟಿಲು ಸಮೇತ ನಾವೆಲ್ಲ ಒಂದು ದಿನದ ಮಟ್ಟಿಗೆ ಆ ಬಯಲಿನಲ್ಲಿ ಗೃಹಪ್ರವೇಶ ಮಾಡಿದೆವು.

ಸಣ್ಣಕಾಕಿ ತಲೆಯ ಮೇಲೆ ಕೊಡ ಹೊತ್ತು ಬಂದಳು. ದೊಡ್ಡಕಾಕಾ ಕೂಗಿದ: "ಏ, ಗ್ವಾಡಿ ಹಾಯ್ದು ಬಂದಿ! ತಿರುಗಿ ಹೋಗಿ ಬಾಗಲದಾಗಿಂದ ಬಾ!"

ನಮ್ಮ ಕಡೆ ಸೊಸೆಯಾದವಳು ಗಂಡನ ಅಣ್ಣನಿಗೆ ಎದುರು ನಿಂತು ಮಾತಾಡುವ ರೂಢಿಯಿಲ್ಲ. ಕಾಕಿ ಸುಮ್ಮನೆ ಗೆರೆಯ ಆಚೆ ಹೋದಳು, ಸೆರಗು ಸರಿಮಾಡಿಕೊಂಡಳು, ಶುರುಮಾಡಿದಳು: "ತುಂಬಿದ ಕೊಡ ಹೊತ್ತಾಕೀನ್ನ ಊರ ಸುತ್ತಸ್ತೀರೇನ್ರಿ? ಅಡಗಿಮನಿಗೆ ನೀರಿನ ಕಡೆ ಬಾಗಲಾ ಇಡಬೇಕಂತ ತಿಳೀಲಿಲ್ಲೇನ್ರಿ ನಿಮಗ?"

ಸಣ್ಣಕಾಕಾ ಹೌಹಾರಿದ. "ಏ, ಭಾವಗ ಎದರಾಎದರ ಮಾತಾಡ್ತೀಯಲ್ಲ!"

"ಎದರ ಎಲ್ಲೈತ್ರಿ? ನಡಕ ಗ್ವಾಡಿ ಐತೆಲ್ಲಾ!"

ದೊಡ್ಡಕಾಕಾನಿಗೆ ಸಿಟ್ಟು ಬಂತೆಂದುಕೊಂಡಿರಾ? ತನ್ನ ಗೋಡೆಯನ್ನು ಮೊದಲು ನಂಬಿದವಳು ಇವಳೇ ಎಂದು ಹಿಗ್ಗಿಹೋದ! ಅಲ್ಲೇ ಕಾಲಿನಿಂದ ಬೂದಿ ಒರೆಸಿ, ನೀರಿನ ಕಡೆಗೆ ಬಾಗಿಲು ತಿರುಗಿಸಿದ.

ಅಷ್ಟರಲ್ಲಿ ಮೂಡಲಗಿ ಸಂತೆಗೆ ಹೊರಟವರೊಬ್ಬರು ದಾರಿಯಲ್ಲಿ ನಿಂತರು. "ಏನ್ರಿ ಕಾಕಾರ, ಬಯಲಾಗ ಯಾಕ ಕುಂತೀರಿ?"

"ಮನಿ ಒಳಗ ಅದೀನಿ. ಬಾಗಲಾ ಬಡದು ಬರ್ರಿ!"

ಆ ಪುಣ್ಯಾತ್ಮರು ಗೆರೆಯ ಹೊರಗೆ ಚಪ್ಪಲಿ ಬಿಟ್ಟು, ಗಾಳಿಗೆ ಎರಡು ಸಲ ಬಡಿದು, ಒಳಗೆ ಬಂದರು. ಚಹಾ ಕುಡಿದು ಹೋಗುವಾಗ ತಲೆ ತಗ್ಗಿಸಿ ಹೊರಬಿದ್ದರು, ಚೌಕಟ್ಟು ತಾಗೀತೆಂದು!

ಆದರೆ ಎಲ್ಲರನ್ನೂ ಮೀರಿಸಿದವಳು ಆಯಿ. ಎದ್ದವಳೇ ಹೊಗೆಯ ವಾಸನೆ ಹಿಡಿದು ಪಡಸಾಲೆ, ದೇವರಮನೆ, ಖೋಲಿ ಎಲ್ಲವನ್ನೂ ಹಾಯ್ದುಕೊಂಡು ನೆಟ್ಟಗೆ ಒಲೆಗೆ ಹೋದಳು. ಗೋಡೆಗಳಿಗೆ ಕಿಮ್ಮತ್ತೇ ಇಲ್ಲ! ಅಂಗಾಲೆಲ್ಲ ಬೂದಿ. "ಆಯಿ ಅಡ್ಡ ಬಂದ ಗ್ವಾಡಿ ಎಲ್ಲಾ ಕೆಡವಿದ್ಲು!" ಎಂದು ನಾವು ಹೊಟ್ಟೆ ಹಿಡಿದು ನಕ್ಕೆವು. ಕಂಡಕಂಡವರನ್ನೆಲ್ಲ ತಿರುಗಿ ಕಳಿಸುತ್ತಿದ್ದ ದೊಡ್ಡಕಾಕಾ ಅವಳಿಗೆ ಏನೂ ಅನ್ನಲಿಲ್ಲ. ನಗಲೂ ಇಲ್ಲ. ಅವಳು ನಡೆದ ದಾರಿಯ ಪಕ್ಕಕ್ಕೆ ಒಂದು ಉದ್ದನೆಯ ಹೊಸ ಗೆರೆ ಎಳೆದ, ಅವಳ ಹಾಸಿಗೆಯಿಂದ ಒಲೆಯವರೆಗೆ.

ಮನೆ ಎದ್ದಿತು. ಮಾಳಿಗೆಯ ಭಾರವೆಲ್ಲ ಕಂಬಗಳ ಮೇಲೆ. ಒಳಗಿನ ಗೋಡೆಗಳೆಲ್ಲ ಬಿದಿರಿನ ತಟ್ಟಿ, ಮೇಲೆ ಮಣ್ಣು ಸೆಗಣಿಯ ಸಾರಣೆ. ಯಮಕನಮರಡಿಯಿಂದ ಬಂಡಿಯಲ್ಲಿ ಬಂದ ಬಿದಿರು. ನಾಲ್ಕು ಜನ ಹಿಡಿದರೆ ಗೋಡೆ ಎದ್ದು ಹೊರಡುತ್ತಿತ್ತು. ಜೋಳ ಬಂದರೆ ಗೋಡೆ ಇತ್ತ, ಬಾಣಂತಿ ಬಂದರೆ ಅತ್ತ!

ಹುಕ್ಕೇರಿಯ ಅಳಿಯ ಒಮ್ಮೆ ಉಂಡು ಖೋಲಿಯಲ್ಲಿ ಅಡ್ಡಾದ. ಅಷ್ಟರಲ್ಲಿ ಊರ ಹಿರಿಯರು ಬಂದರು, ಪಡಸಾಲೆ ಸಾಲಲಿಲ್ಲ, ಗೋಡೆ ಸರಿಯಿತು. ಅಳಿಯ ಕಣ್ಣುಬಿಟ್ಟರೆ ಸುತ್ತಲೂ ರುಮಾಲು ಸುತ್ತಿದ ತಲೆಗಳು!

"ನಾ ಎಲ್ಲೆದೀನ್ರಿ?" ಎಂದ ಗಾಬರಿಯಿಂದ.

ದೊಡ್ಡಕಾಕಾ ಸಮಾಧಾನ ಹೇಳಿದ: "ನೀವು ಅಲ್ಲೇ ಅದೀರಿ. ಖೋಲಿ ಹೋಗೇತಿ."

ಸಣ್ಣಕಾಕಾ ಸಿಟ್ಟಿಗೆದ್ದು ಬೇರೆ ಒಲೆ ಹೂಡುತ್ತೇನೆಂದರೆ ದೊಡ್ಡಕಾಕಾ ತಾನೇ ತಟ್ಟಿ ತರಿಸಿ ನಿಲ್ಲಿಸುತ್ತಿದ್ದ. "ತಗೋ, ಬ್ಯಾರೆ ಆದಿ. ಮತ್ತೇನ ಬೇಕು?" ಮರುದಿನ ಕೆಂಡ ಕೊಡಲು ತಟ್ಟಿಗೊಂದು ತೂತು. ಎಣ್ಣಿಗಾಯಿಯ ಬಟ್ಟಲು ಹಿಡಿಯಲಿಲ್ಲವೆಂದು ತೂತು ಕಿಟಕಿಯಾಯಿತು. ಕೂಸು ಹಿಡಿಯಲಿಲ್ಲವೆಂದು ಕಿಟಕಿ ಬಾಗಿಲಾಯಿತು. ಬಾಗಿಲಾದ ಮೇಲೆ ಗೋಡೆ ಯಾಕೆ?

ಇಷ್ಟಾಗಿಯೂ ಒಂದು ಗೋಡೆ ಮಾತ್ರ ಎಂದೂ ಕದಲಲಿಲ್ಲ. ಆಯಿಯ ಹಾಸಿಗೆಯಿಂದ ಒಲೆಯವರೆಗಿನದು. ಸಣ್ಣಕಾಕಾನ ಮಗಳ ನಿಶ್ಚಯಕ್ಕೆ ಗೋಕಾಕದಿಂದ ಬೀಗರು ಬರುವವರಿದ್ದರು. ಅದೊಂದು ಸರಿದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂಡಬಹುದು.

"ಅದೊಂದು ಬ್ಯಾಡ," ಎಂದ ದೊಡ್ಡಕಾಕಾ.

"ಯಾಕ?"

"ಬ್ಯಾಡಂದ್ರ ಬ್ಯಾಡ."

"ಜ್ವಾಳಕ್ಕ ಸರೀತಾವು, ಅಳ್ಯಾಗ ಸರೀತಾವು, ನನ್ನ ಮಗಳಿಗೆ ಸರಿಯಂಗಿಲ್ಲ?"

ಈ ಸಲದ ಸಿಟ್ಟು ತಟ್ಟಿಯ ಸಿಟ್ಟಲ್ಲ. ಅಂಗಳದಲ್ಲಿ ಬಂಡಿಗಟ್ಟಲೆ ಕಲ್ಲು ಬಂದು ಬಿದ್ದವು. "ನಿಶ್ಚಯ ಮುಗೀಲಿ, ನಟ್ಟನಡಕ ಕಲ್ಲಿನ ಗ್ವಾಡಿ. ಇದಕ್ಕ ತೂತ ಕೊರೀರಿ ನೋಡೂಣು!" (ಆ ಕಲ್ಲುಗಳು ಇಂದಿಗೂ ಅಂಗಳದಲ್ಲೇ ಬಿದ್ದಿವೆ. ಎಮ್ಮೆಗಳು ಮೈ ತಿಕ್ಕಿಕೊಳ್ಳುತ್ತವೆ.)

ದೊಡ್ಡಕಾಕಾ ಗೋಕಾಕ ಪೇಟೆಗೆ ಹೋದ ದಿನ ಸಣ್ಣಕಾಕಾ ಮಕ್ಕಳನ್ನು ಕರೆದು ಆ ಗೋಡೆ ಎತ್ತಿಸಿ ಹೊರಗೆ ಸಾಗಿಸಿದ. ಬೆಳಕಿಗೆ ಬಂದಾಗ ಅದರ ಸಾರಣೆಯ ಮೇಲೆ ಉದ್ದಕ್ಕೂ ಒಂದು ನುಣುಪಾದ ಕಪ್ಪು ಪಟ್ಟಿ ಕಂಡಿತು. "ಹುಡುಗೂರು ಎಣ್ಣಿಕೈ ತಿಕ್ಯಾರ," ಎಂದ.

ಆಯಿ ನಿದ್ದೆಯಿಂದ ಎದ್ದಳು. ಎಡಗೈ ಚಾಚಿದಳು. ಕೈ ಗಾಳಿಯಲ್ಲಿ ನಿಂತಿತು. ಅತ್ತ ತಡವಿದಳು, ಇತ್ತ ತಡವಿದಳು.

"ಗ್ವಾಡಿ ಎಲ್ಲಿ ಹೋತೋ?"

ಯಾರೂ ನಗಲಿಲ್ಲ. ಆಯಿಗೆ ಕಣ್ಣು ಕಾಣುತ್ತಿರಲಿಲ್ಲ. ಕಣದ ಬೂದಿಯೂ ಕಂಡಿರಲಿಲ್ಲ. ತಿಳಿದರೆ ಒಲೆಯ ಮುಂದಿನಿಂದ ಎಬ್ಬಿಸಿ ಮೂಲೆಗೆ ಕೂಡಿಸುತ್ತಾರೆಂದು ಅವಳು ಹೇಳಿರಲಿಲ್ಲ; ತಿಳಿದವನೊಬ್ಬ ಗೋಡೆ ಕಟ್ಟಿ ಸುಮ್ಮನಿದ್ದ.

ಸಣ್ಣಕಾಕಾ ಹೋಗಿ ಅವಳ ಅಂಗೈಯ ಕೆಳಗೆ ತನ್ನ ಹೆಗಲು ಕೊಟ್ಟು ನಿಂತ. ಅವನ ಮುಂದೆ ಕಾಕಿ ನಿಂತಳು, ಆಮೇಲೆ ಮಕ್ಕಳು, ಆಮೇಲೆ ನಾನು. ಆಯಿಯ ಕೈ ಮೊದಲ ಹೆಗಲಿನಿಂದ ಮೇಲೇರಿ ಸಣ್ಣಕಾಕಾನ ಮುಖ ಸವರಿತು.

"ಈ ಗ್ವಾಡಿಗಿ ಮೀಸಿ ಯಾವಾಗ ಬಂದ್ವೋ? ಮತ್ತ ಸೋರಾಕತ್ತೇತಲ್ಲೋ!"

ಸಾಲು ಒಲೆ ಮುಟ್ಟಲು ಇನ್ನೂ ಒಂದಾಳಿನ ಜಾಗ ಉಳಿದಿತ್ತು. ಆಗಲೇ ದೊಡ್ಡಕಾಕಾ ಪೇಟೆಯಿಂದ ಬಂದ. ನೋಡಿದ. ಕೈಯ ಚೀಲ ಕೆಳಗಿಟ್ಟು ಬಂದು, ಆ ಜಾಗದಲ್ಲಿ ನಿಂತು, ನನ್ನ ಕಿವಿಯಲ್ಲಿ ಹೇಳಿದ:

"ನೆಟ್ಟಗ ನಿಂದ್ರೋ. ಗ್ವಾಡಿ ನಡಗಬಾರದು."