ಮುಚ್ಚಳದ ಡಬ್ಬಿ

ಓದು ಬಾರದವರಿಗೂ ಅರ್ಥವಾಗಲಿ ಅಂತ ಫೋನಿನ ಪರದೆಗೆ ಚಿಕ್ಕ ಚಿಕ್ಕ ಚಿತ್ರ ಬರೆಯುವುದು ನನ್ನ ಕೆಲಸ. ಯಾದಗಿರಿಯ ಕೋಣೆಯಲ್ಲಿ ಕೂತು ಬರೆಯುವಾಗ ಎಲ್ಲ ಸಲೀಸು. ಊರೊಳಗೆ ಹೋದ ಒಂದು ದಿನವೂ ನನ್ನ ಜಾಣತನದ ಮರ್ಯಾದೆ ಉಳಿದದ್ದಿಲ್ಲ. ಈಗಿನದು ಹಿರಿಯ ಹೆಂಗಸರು ತಮ್ಮ ಬೀಸುಕಲ್ಲಿನ ಪದಗಳನ್ನು ತಾವೇ ಹಾಡಿ ಉಳಿಸಿಕೊಳ್ಳುವ ಆ್ಯಪ್. ನನ್ನ ಚಿತ್ರ ಕೆಟ್ಟರೆ ಅವರ ಹಾಡೇ ಹೋಯಿತು. ಆ ಭಯ ನನಗೆ ನಿಜಕ್ಕೂ ಇದೆ.

ಕೋಳಿಗೂಡು

ಶಹಾಪುರದಲ್ಲಿ ಒಬ್ಬ ಅಮ್ಮನ ಕೈಗೆ ಫೋನು ಕೊಟ್ಟೆ. ಹಾಡು ಮುಗಿದ ಮೇಲೆ ಮೊದಲಿನ ಪುಟಕ್ಕೆ ಮರಳಲು ಮನೆಯ ಚಿತ್ರ ಒತ್ತಬೇಕು. ಆಕೆ ಒತ್ತಲೇ ಇಲ್ಲ.

"ಅಮ್ಮಾ, ಇದೇನ್ ಕಾಣ್ತದ ಹೇಳ್ರಿ?"

"ಕೋಳಿಗೂಡು."

"ಮನಿರಿ ಅದು!"

ಆಕೆ ಸುತ್ತಲಿನ ಚಪ್ಪಟೆ ಮಾಳಿಗೆಗಳತ್ತ ಕೈ ತೋರಿಸಿದರು. "ಹಿಂಗ ಚೂಪನ ತಲಿ ಇದ್ದ ಮನಿ ಎಲ್ಲದ ತೋರ್ಸು. ಇದರ ಮ್ಯಾಲ ಮೆಣಸಿನಕಾಯಿ ಹ್ಯಾಂಗ ಒಣಹಾಕ್ಲಿ?"

ನಾನೂ ಹುಟ್ಟಿ ಬೆಳೆದದ್ದು ಮಾಳಿಗೆ ಮನೆಯಲ್ಲೇ! ತಪ್ಪೊಪ್ಪಿಕೊಂಡು ಚಪ್ಪಟೆ ಮನೆ ಬರೆದೆ. ಮೇಲೆ ನಾಲ್ಕು ಕೆಂಪು ಮೆಣಸಿನಕಾಯಿಯನ್ನೂ ಇಟ್ಟೆ. ಆಕೆ ನೋಡಿ, "ಇನ್ನಷ್ಟು ಹಾಕು, ವರ್ಷಕ್ಕ ಸಾಲಂಗಿಲ್ಲ" ಅಂದರು.

ಕುಂಕುಮ

ಹಾಡು ಹಿಡಿಯಲು ಒತ್ತಬೇಕಾದದ್ದು ಒಂದು ಕೆಂಪು ದುಂಡು. ಸುರಪುರದ ಹೆಂಗಸರು ಅದನ್ನು ಒತ್ತಿ, ಆ ಬೆರಳನ್ನು ಹಣೆಗೊಮ್ಮೆ ಮುಟ್ಟಿಸಿಕೊಂಡೇ ಹಾಡಿದರು. ಗಂಡನಿಲ್ಲದ ಒಬ್ಬಾಕೆ ಮಾತ್ರ ಕೈ ಹಿಂದೆಳೆದರು. "ಕುಂಕುಮ ನಾ ಮುಟ್ಟಂಗಿಲ್ಲವ್ವ."

ನಾನು ಫೋನು ಇಸಿದುಕೊಂಡೆ. ಅಲ್ಲೇ ಕೂತು ದುಂಡನ್ನು ಹಸಿರು ಮಾಡಿದೆ. ಆಕೆ ಒತ್ತಿದರು, ಹಾಡಿದರು. ಎಂಟು ಹಾಡು ಮುಗಿದರೂ ಫೋನು ಕೆಳಗಿಡಲಿಲ್ಲ. ಸರದಿ ಕಾದು ಸಾಕಾದ ನೆರೆಯಾಕೆ, "ಮತ್ತ ಕೆಂಪ ಮಾಡವ್ವ, ನಮಗೂ ಸ್ವಲ್ಪ ಸಿಗ್ಲಿ" ಅಂದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಫೋನು ಹಿಡಿದಾಕೆಯೇ.

ಡಬ್ಬಿ

ಸಗರದಲ್ಲಿ ಅಕ್ಕ, ತಂಗಿ ಇಬ್ಬರೂ ಹಳೆಯ ಬೀಸುಕಲ್ಲಿಗೆ ಎದುರುಬದುರು ಕೂತು ಹಾಡಿ, ಫೋನಿನಲ್ಲಿ ಉಳಿಸಿಕೊಂಡಿದ್ದರು. ಆಮೇಲೆ ಅಕ್ಕ ತೀರಿಕೊಂಡರು. ಒಂದು ಮುಂಜಾನೆ ಎಪ್ಪತ್ತು ದಾಟಿದ ತಂಗಿಯ ಕರೆ ಬಂತು. "ಯವ್ವಾ, ಅಕ್ಕನ ಹಾಡು ಕಾಣವಲ್ದು."

ಬಿದ್ದಂಬೀಳ ಓಡಿದೆ. "ಎಲ್ಲಿ ಇಟ್ಟಿದ್ರಿ ಅಮ್ಮಾ?"

"ಮಮ್ಮಕ್ಕಳು ಕೈಯಾಡಸ್ತಾವ ಅಂತ ಜ್ವಾಪಾನ ಡಬ್ಬ್ಯಾಗ ಇಟ್ಟೀನಿ. ಈಗ ತಗಿಲಾಕ ಬರವಲ್ದು." ಆಕೆ ಬೆರಳಿಟ್ಟದ್ದು ನಾನು ಬರೆದ ಕಸದ ಬುಟ್ಟಿಯ ಮೇಲೆ. ಅದಕ್ಕೆ ಹಾಕಿದ್ದು ಮೂವತ್ತು ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ.

"ಯಾವಾಗ ಹಾಕಿದ್ರಿ?"

"ಹ್ವಾದ ಅಮವಾಸಿಗೆ. ನಾಳಿ ಮತ್ತ ಅಮವಾಸಿ ಬಂತು ನೋಡು."

ಬುಟ್ಟಿ ತೆರೆದೆ. ಹಾಡು ಇತ್ತು. ಹೊರಗೆ ತೆಗೆದಿಟ್ಟೆ. "ಅಮ್ಮಾ, ಇದು ಕಸದ ಬುಟ್ಟಿರಿ!"

"ಕಸಕ್ಕ ಯಾರರ ಮುಚ್ಚಳ ಮುಚ್ಚತಾರೇನು? ಮುಚ್ಚಳ ಇದ್ದದ್ದು ಹಿಟ್ಟಿನ ಡಬ್ಬಿ. ಕಸ ತಿಪ್ಪಿಗೆ ಹೋಗ್ತದ."

ಹಾಡು ಪೂರ್ತಿ ಉಳಿದಿದೆಯೋ ಇಲ್ಲವೋ ನೋಡಬೇಕಿತ್ತು. ಹಚ್ಚಿದೆ. ಕಲ್ಲಿನ ಗರಗರದ ನಡುವೆ ಅಕ್ಕನ ದನಿ ಎರಡು ಸಾಲು ಹಾಡಿ, ತಟ್ಟನೆ ಸಿಡುಕಿತು. "ಏ, ಏನ್ ನೋಡ್ಕೋತ ಕುಂತಿ? ಜ್ವಾಳಾ ಹಾಕು!"

ತಂಗಿ ಗಡಬಡಿಸಿ ಖಾಲಿ ಮುಷ್ಟಿಯನ್ನು ಫೋನಿನ ಮೇಲೆ ಬಿಚ್ಚಿದರು.

"ಹಾಕೀನಕ್ಕಾ, ಒದರಬ್ಯಾಡ."